ಬಂಗಾರಮ್ಮನ ಮೂವತ್ತೊಂದು ಹಲ್ಲು

ಬೆಳಕು ಹರಿಯುವ ಮೊದಲು ಬಂಗಾರಮ್ಮ ಮಾಡಿ ಮುಗಿಸುವ ಕೆಲಸಗಳು ಇವು: ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುವುದು, ನಲ್ಲಿಯಲ್ಲಿ ನೀರು ಬಂದಿದ್ದರೆ ಡ್ರಮ್ಮು ತುಂಬಿಸುವುದು, ಮಾಚೇನಹಳ್ಳಿಯ ವರ್ಕ್‌ಶಾಪಿಗೆ ಹೊರಡುವ ಗಂಡ ಯೋಗರಾಜನ ಡಬ್ಬಿಗೆ ಚಪಾತಿ, ಪಲ್ಯ, ಮಗಳು ಕವನಳಿಗೆ ಚಿತ್ರಾನ್ನ, ಅತ್ತೆ ಕರಿಬಸಮ್ಮನ ಸ್ನಾನಕ್ಕೆ ನೀರು. ಆಮೇಲೆ ಅತ್ತೆಯ ಹಲ್ಲುಸೆಟ್ಟನ್ನು ಸ್ಟೀಲ್ ಲೋಟದ ನೀರಿನಿಂದ ತೆಗೆದು, ಮೆತ್ತನೆಯ ಬ್ರಷ್ಷಿನಲ್ಲಿ ಸಂದುಸಂದು ಉಜ್ಜಿ ತೊಳೆಯುವುದು. ಅವಳ ಸ್ವಂತ ಹಲ್ಲಿನ ಸರದಿ ಬರುವುದು ಹಾಲು ಉಕ್ಕುವ ಮುಂಚಿನ ಒಂದೆರಡು ನಿಮಿಷದಲ್ಲಿ. ಹಾಲು ಬೇಗ ಉಕ್ಕಿದ ದಿನ ಎಡಭಾಗ ಹಾಗೇ ಉಳಿದುಹೋಗುತ್ತದೆ.

ಎಲ್ಲರೂ ಹೋದ ಮೇಲೆ ಭದ್ರಾವತಿಯ ಆ ಮನೆಯ ಜಗಲಿಯಲ್ಲಿ ಅವಳ ಇನ್ನೊಂದು ಕೆಲಸ ಶುರು. ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯವರು ಕೊಟ್ಟ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುವುದು. ರೇಷ್ಮೆ ದಾರದ ಒಂದು ತುದಿ ಬೆರಳಲ್ಲಿ, ಇನ್ನೊಂದು ತುದಿ ಮುಂದಿನ ಹಲ್ಲಲ್ಲಿ. ಗಂಟು ಬಿಗಿಯಾದ ಮೇಲೆ ಕಟಕ್ಕೆಂದು ಕಚ್ಚಿ ಕಡಿಯುವುದು. ಕತ್ತರಿ ಪಕ್ಕದಲ್ಲೇ ಇರುತ್ತದೆ. ಕತ್ತರಿ ತೆಗೆದುಕೊಳ್ಳುವಷ್ಟರಲ್ಲಿ ಅವಳ ಹಲ್ಲು ಎರಡು ಕುಚ್ಚು ಮುಗಿಸಿರುತ್ತದೆ.

ಆರು ತಿಂಗಳಿಗೊಮ್ಮೆ ಅತ್ತೆಯನ್ನು ಶಿವಮೊಗ್ಗದ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯುವುದೂ ಅವಳದೇ ಕೆಲಸ. ಕ್ಲಿನಿಕ್ಕಿನ ಬೆಂಚಿನ ಮೇಲೆ ಅತ್ತೆಯ ಚೀಲ, ಚೀಟಿ, ಚಪ್ಪಲಿ ಕಾಯುತ್ತ ಕೂರುತ್ತಿದ್ದಳು. ಒಳಗಿನ ಕುರ್ಚಿ ಅವಳದ್ದೆಂದು ಯಾವತ್ತೂ ಅನ್ನಿಸಿರಲಿಲ್ಲ.

ಕಳೆದ ಬಾರಿ ಹೋದಾಗ ಸೆಟ್ಟು ಒಸಡಿಗೆ ಒತ್ತುತ್ತಿದೆ ಎಂದು ತಿದ್ದಲು ಕೊಟ್ಟರು. ಮುಕ್ಕಾಲು ಗಂಟೆ ಕಾಯಬೇಕಿತ್ತು. ಡಾಕ್ಟರ್ ಅಕ್ಷರಾ, ಇನ್ನೂ ಚಿಕ್ಕ ವಯಸ್ಸಿನವರು, ಹೊರಗೆ ಬಂದು ಹೇಳಿದರು: "ಕುರ್ಚಿ ಖಾಲಿ ಇದೆ. ನೀವು ಬನ್ನಿ ಬಂಗಾರಮ್ಮ."

"ನಂಗೇನೂ ನೋವಿಲ್ಲ ಡಾಕ್ಟ್ರೇ."

"ಅದಕ್ಕೇ ಕರೀತಿರೋದು. ನೋವು ಬಂದ್ಮೇಲೆ ನೀವೇ ಓಡಿ ಬರ್ತೀರ."

ಬೊಚ್ಚು ಬಾಯಿಯ ಕರಿಬಸಮ್ಮ ನಕ್ಕರು. "ಹೋಗೇ ಮಾರಾಯ್ತಿ, ಬಿಟ್ಟಿ ಕುರ್ಚಿ."

ಕುರ್ಚಿ ಮೆಲ್ಲಗೆ ಹಿಂದಕ್ಕೆ ವಾಲಿತು. ಬೆಳಗ್ಗೆ ಹನ್ನೊಂದು ಗಂಟೆಗೆ ಬಂಗಾರಮ್ಮ ಮಲಗಿದ್ದು ಕವನ ಹುಟ್ಟಿದಾಗಲೇ ಕೊನೆ. ತಲೆಯ ಮೇಲೆ ದೀಪ ಬಿಳಿ ಹೂವಿನ ಹಾಗೆ ಅರಳಿತು. ಡಾಕ್ಟರ್ ಮೊದಲು ಕತ್ತು, ದವಡೆಯ ಕೆಳಗೆ ಗಂಟುಗಳಿವೆಯೇ ಎಂದು ಬೆರಳಿಂದ ಮುಟ್ಟಿ ನೋಡಿದರು. ನಾಲಿಗೆ ಎತ್ತಿಸಿ, ಕೆನ್ನೆಯ ಒಳಗು ನೋಡಿದರು. ಆಮೇಲೆ ಪುಟ್ಟ ಕನ್ನಡಿ ಹಿಡಿದು ಒಂದೊಂದೇ ಹಲ್ಲು ಎಣಿಸುತ್ತ ಹೋದರು. ಬಾಯೊಳಗೆ ಒಂದು ಬೀದಿ ಇದೆ, ಯಾರೋ ಅದರಲ್ಲಿ ನಿಧಾನ ನಡೆಯುತ್ತ ಮನೆಮನೆಯ ಬಾಗಿಲು ತಟ್ಟಿ ಒಳಗೆ ಯಾರಿದ್ದೀರಿ ಎಂದು ಕೇಳುತ್ತಿದ್ದಾರೆ ಎನ್ನಿಸಿತು ಬಂಗಾರಮ್ಮನಿಗೆ. ಅವಳನ್ನು ಹಾಗೆ ಯಾರೂ ವಿಚಾರಿಸಿರಲಿಲ್ಲ.

"ಮೂವತ್ತೊಂದು. ಒಂದು ಎಲ್ಲೋಯ್ತು?"

"ಬಸುರಿ ಇದ್ದಾಗ ನೋವು ಬಂದಿತ್ತು, ಹೆರಿಗೆ ಆದ್ಮೇಲೆ ಕೀಳಿಸಿದ್ರು."

"ಈ ಮುಂದಿನ ಹಲ್ಲಲ್ಲಿ ಕಚ್ಚು ಬಿದ್ದಿದೆ ನೋಡಿ, ಹಗ್ಗ ಉಜ್ಜಿದ ಬಾವಿಕಟ್ಟೆ ತರ. ದಾರ ಕಚ್ತೀರಾ?"

ಬಂಗಾರಮ್ಮ ನಾಚಿದಳು. ಹದಿನಾಲ್ಕು ವರ್ಷದ ಕುಚ್ಚುಗಳು ಮದುವೆಮನೆಗಳಿಗೆ ಹೋಗಿ ಮರೆಯಾಗಿವೆ. ಲೆಕ್ಕ ಉಳಿದದ್ದು ಈ ಕಚ್ಚಿನಲ್ಲಿ ಮಾತ್ರ.

ಡಾಕ್ಟರ್ ಹಲ್ಲು ಕ್ಲೀನ್ ಮಾಡುವ ಯಂತ್ರ ಕೈಗೆತ್ತಿಕೊಂಡರು. ಕ್ಲೀನ್ ಮಾಡಿದರೆ ಹಲ್ಲು ಸಡಿಲವಾಗುತ್ತದೆ ಎಂದು ಅವಳ ಬೀದಿಯ ಎಲ್ಲರೂ ನಂಬಿದ್ದರು. ಕೇಳಿಯೇಬಿಟ್ಟಳು. "ಸಡಿಲ ಮಾಡೋದು ಪಾಚಿ. ಒಸಡನ್ನ ಕೆಳಗೆ ತಳ್ಳಿ ಬೇರು ಬಿಡಿಸುತ್ತೆ. ತೆಗೆದಾಗ ಆ ಜಾಗ ಖಾಲಿ ಅನ್ಸುತ್ತೆ ಅಷ್ಟೆ," ಎಂದರು ಡಾಕ್ಟರ್. ತಣ್ಣನೆಯ ನೀರು ಸುಂಯ್ ಎಂದು ಹರಿಯತೊಡಗಿತು. ಕಣ್ಣು ಮುಚ್ಚಿದಳು. ಭದ್ರಾ ನಾಲೆಯ ದಂಡೆ, ನೀರಲ್ಲಿ ಕಾಲಿಳಿಬಿಟ್ಟು ಕೂತ ಹತ್ತು ವರ್ಷದ ಹುಡುಗಿ, ಅವಳ ಕೈಯಲ್ಲಿ ಯಾವ ಕೆಲಸವೂ ಇಲ್ಲ. ಅರೆನಿದ್ದೆಯಲ್ಲಿ ಬಂಗಾರಮ್ಮ ಆ ಹುಡುಗಿಯ ಪಕ್ಕ ಬಹಳ ಹೊತ್ತು ಕೂತಿದ್ದಳು.

ಎಚ್ಚರವಾದ ಮೇಲೆ ಡಾಕ್ಟರ್ ಒಂದು ಎಕ್ಸ್‌ರೇ ತೆಗೆದು ತೋರಿಸಿದರು. ಎಡಗಡೆ ದವಡೆಹಲ್ಲಿನ ಸಂದಿಯಲ್ಲಿ ಒಂದು ಕಪ್ಪು ಚುಕ್ಕಿ. "ಹುಳುಕು. ನರಕ್ಕೆ ಇಷ್ಟೇ ದೂರ ಇದೆ. ಈಗ ತುಂಬಿಸಿದ್ರೆ ಹಲ್ಲು ಉಳಿಯುತ್ತೆ. ಗುರುವಾರ ಹನ್ನೊಂದಕ್ಕೆ ಬನ್ನಿ. ಆಮೇಲೆ ನಾನು ಎರಡು ತಿಂಗಳು ರಜೆ. ಅಷ್ಟು ದಿನ ಬಿಟ್ರೆ ನರಕ್ಕೆ ಮುಟ್ಟಬಹುದು."

ಗುರುವಾರ ಯೋಗರಾಜನ ಚಿಕ್ಕಪ್ಪ ಷಡಕ್ಷರಪ್ಪನವರ ಮನೆಯವರೆಲ್ಲ ಹೋಳಿಗೆ ಊಟಕ್ಕೆ ಬರುವುದಿತ್ತು. ಹೋಳಿಗೆ ತಟ್ಟುವ ಕೈ ಆ ಮನೆಯಲ್ಲಿ ಒಂದೇ.

ರಾತ್ರಿ ಊಟದ ಹೊತ್ತಿಗೆ ವಿಷಯ ಹೇಳಿದಳು. ಯೋಗರಾಜ ತಟ್ಟೆಯಿಂದ ತಲೆ ಎತ್ತಲಿಲ್ಲ. "ಫೋನ್ ಮಾಡಿ ಮುಂದಕ್ಕೆ ಹಾಕ್ಸು. ನೋವೂ ಇಲ್ಲ, ಏನೂ ಇಲ್ಲ. ಹಲ್ಲು ಎಲ್ಲಿಗೆ ಓಡಿಹೋಗುತ್ತೆ?"

"ನಂದು ಓಡಿಹೋಯ್ತಲ್ಲೋ," ಎಂದರು ಕರಿಬಸಮ್ಮ, ಅನ್ನ ಕಲಸುತ್ತ. ಕವನ ಪಕ್ಕನೆ ನಕ್ಕಳು. ಮಾತು ಅಲ್ಲಿಗೇ ಬೇರೆ ಕಡೆ ಹೊರಳಿತು.

ಬಂಗಾರಮ್ಮನಿಗೆ ನಗು ಬರಲಿಲ್ಲ. ಅತ್ತೆ ಕೂಡ ನೋವು ಬಂದಾಗಲೇ ಹೋಗುತ್ತಿದ್ದರು. ಹೋದಾಗಲೆಲ್ಲ ಒಂದನ್ನು ಕೀಳಿಸಿ ಬರುತ್ತಿದ್ದರು, ಸಂಜೆಗೆ ಮುದ್ದೆ ತೊಳಸಲು ಮನೆ ತಲುಪಬೇಕಿತ್ತಲ್ಲ. ಐವತ್ತೈದಕ್ಕೆ ಬಾಯಿ ಖಾಲಿ. ತಾನು ದಿನಾ ಬೆಳಗ್ಗೆ ತೊಳೆಯುವುದು ಆ ಅವಸರವನ್ನೇ ಎನ್ನಿಸಿತು ಅವಳಿಗೆ.

ಮಂಗಳವಾರ ಮಧ್ಯಾಹ್ನ ಜಗಲಿಯಲ್ಲಿ ಒಬ್ಬಳೇ ಇದ್ದಳು. ಅತ್ತೆ ಒಳಗೆ ಮಲಗಿದ್ದರು. ಮಡಿಲಲ್ಲಿ ನವಿಲುಬಣ್ಣದ ಸೀರೆ. ನಾಲಿಗೆ ತನ್ನಷ್ಟಕ್ಕೆ ಹಲ್ಲಿನ ಬೀದಿಯಲ್ಲಿ ಓಡಾಡುತ್ತಿತ್ತು. ನುಣ್ಣಗಿನ ಬಾಗಿಲುಗಳು, ಇದ್ದೀವಿ, ಇದ್ದೀವಿ ಎನ್ನುತ್ತಿದ್ದವು. ಎಡಗಡೆಯ ಒಂದರ ಬಳಿ ನಾಲಿಗೆ ನಿಂತಿತು. ಅಲ್ಲಿಯೂ ಸದ್ಯಕ್ಕೆ ಯಾರೋ ಇದ್ದರು.

ಬಾಯಲ್ಲಿದ್ದ ದಾರ ತೆಗೆದು ಕತ್ತರಿಯಿಂದ ಕತ್ತರಿಸಿದಳು. ಫೋನ್ ಕೈಗೆತ್ತಿಕೊಂಡಳು. ಮುಂದಕ್ಕೆ ಹಾಕಲು ಕ್ಲಿನಿಕ್ಕಿನ ನಂಬರು ಇತ್ತು. ಅದನ್ನು ದಾಟಿ ಷಡಕ್ಷರಪ್ಪನವರ ಹೆಂಡತಿ ವೀರಮ್ಮನ ಹೆಸರು ಒತ್ತಿದಳು.

"ಚಿಕ್ಕತ್ತೆ, ನಾನು ಬಂಗಾರಮ್ಮ. ಗುರುವಾರ ಬೇಡ, ಭಾನುವಾರ ಬನ್ನಿ. ಇಲ್ಲ, ಎಲ್ಲರೂ ಚೆನ್ನಾಗಿದ್ದಾರೆ. ಗುರುವಾರ ನಂಗೆ ನನ್ನ ಹಲ್ಲಿನ ಕೆಲಸ ಇದೆ."