ಬಾವಿ ಕದಿಯುವ ರಾಣಿ ಗಜೇಂದ್ರಗಡಕ್ಕೆ ಬಂದದ್ದು

ನಿಮ್ಮ ಮನೆಯ ಖಳನಾಯಕಿಯನ್ನು ಯಾವತ್ತಾದರೂ ಪಕ್ಕದ ಊರಿಗೆ ಕಡ ಕೊಟ್ಟಿದ್ದೀರಾ? ಅತ್ತೆಯ ಮುಖ ನೆನಪಾಗಿ ನಗುತ್ತಿದ್ದರೆ ಮೆಲ್ಲಗೆ ನಗಿ, ಅಡುಗೆಮನೆಗೆ ಕೇಳಿಸೀತು. ನಾನು ಹೇಳುತ್ತಿರುವುದು ಕಥೆಯ ಖಳನಾಯಕಿಯ ಮಾತು. ಹೆಗಲ ಮೇಲೆ ಹಗ್ಗ ಸುತ್ತಿಕೊಂಡು ಊರೂರಿನ ಬಾವಿ ಕದಿಯುವ ಒಬ್ಬ ರಾಣಿ. ಅವಳನ್ನು ನರಗುಂದದಿಂದ ಹೊರಡಿಸಿ, ನಡುವೆ ರೋಣದ ನನ್ನ ಮನೆಯಲ್ಲಿ ಒಂದು ವಸತಿ ಮಾಡಿಸಿ, ಗಜೇಂದ್ರಗಡಕ್ಕೆ ಮುಟ್ಟಿಸಿದವಳು ನಾನೇ. ಅದೂ ಫೋನಿನಲ್ಲಿ, ಒಂದೇ ಬೆರಳಿನಿಂದ ಟೈಪು ಮಾಡಿ.

ನನಗೆ ಇಬ್ಬರು ಹೆಣ್ಣು ಮೊಮ್ಮಕ್ಕಳು. ದೊಡ್ಡವಳು ನರಗುಂದದಲ್ಲಿ ಹೈಸ್ಕೂಲು ಟೀಚರ್. ಸಣ್ಣವಳು ಗಜೇಂದ್ರಗಡದಲ್ಲಿ ಔಷಧ ಅಂಗಡಿಯ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ರೋಣದಲ್ಲಿರುವ ನಾನು ಇಬ್ಬರ ನಡುವೆ ತಕ್ಕಡಿಯ ಮುಳ್ಳು. ಒಂದು ಕಡೆ ಸ್ವಲ್ಪ ಬಾಗಿದರೂ ಇನ್ನೊಂದು ಕಡೆ ಕೂಗೇಳುತ್ತದೆ.

ಕಲಿಯುವಾಗ ಇಬ್ಬರೂ ಧಾರವಾಡದ ಒಂದೇ ಹಾಸ್ಟೆಲಿನಲ್ಲಿದ್ದರು. ಡಿಗ್ರಿಯ ಜೊತೆಗೆ ಅಲ್ಲಿಂದ ಒಂದು ಆಟವನ್ನೂ ಹೊತ್ತು ತಂದರು. ಮೇಜಿನ ಸುತ್ತ ಜನ ಕೂರುತ್ತಾರೆ. ಒಬ್ಬಳು ಎಲ್ಲೂ ಇಲ್ಲದ ಲೋಕವೊಂದನ್ನು ಬಾಯಿಮಾತಿನಲ್ಲೇ ಕಟ್ಟುತ್ತಾಳೆ. ಇಲ್ಲಿ ಕಾಡು, ಅಲ್ಲಿ ಕೋಟೆ, ಕೋಟೆಯೊಳಗೆ ಮಾಟಗಾತಿ. ಉಳಿದವರು ಆ ಲೋಕದೊಳಗೆ ವೈದ್ಯೆಯೋ ಸಿಪಾಯಿಯೋ ಆಗಿ ತಿರುಗಾಡುತ್ತಾರೆ. ಏನು ಮಾಡುತ್ತೇನೆಂದು ಹೇಳಿ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ದೊಡ್ಡದು ಬಿದ್ದರೆ ಕೆಲಸವಾಯಿತು, ಸಣ್ಣದು ಬಿದ್ದರೆ ಕೆಟ್ಟಿತು. ಗೆದ್ದವರು ಸೋತವರು ಎಂಬುದಿಲ್ಲ, ಕಥೆ ಮುಂದೆ ಸಾಗಿದರೆ ಸರಿ. ಮೊದಲ ಸಲ ನೋಡಿದಾಗ, ಕೂಲಿಯಿಲ್ಲದ ಕೆಲಸಕ್ಕೆ ಇಷ್ಟು ಒದ್ದಾಟವೇ ಅನ್ನಿಸಿತ್ತು. ಎರಡನೇ ಸಲ ಎಲ್ಲರಿಗಿಂತ ಮೊದಲು ಕುರ್ಚಿ ಹಿಡಿದು ಕೂತವಳು ನಾನು.

ಸಣ್ಣವಳು ಕಟ್ಟಿದ ಲೋಕದಲ್ಲಿ ಒಂದು ದೊಡ್ಡ ಹೊಳೆ, ಎರಡೂ ದಂಡೆಗೆ ಊರುಗಳು. ಭಾನುವಾರ ಮಧ್ಯಾಹ್ನ ಅವಳ ಬಾಡಿಗೆ ಕೋಣೆಗೆ ಮೂರು ಜನ ಬರುತ್ತಿದ್ದರು. ಮಗ್ಗದಲ್ಲಿ ಸೀರೆ ನೇಯುವ ಒಬ್ಬ ಹೆಂಗಸು, ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡುವ ಇನ್ನೊಬ್ಬಳು, ಗುಡ್ಡದ ಮೇಲೆ ಕರೆಂಟು ತಯಾರಿಸುವ ಗಾಳಿ ಫ್ಯಾನುಗಳನ್ನು ರಿಪೇರಿ ಮಾಡುವ ಪುರ್ತಗೇರಿಯ ಒಬ್ಬ ತರುಣ. ಆ ಲೋಕದ ಖಳನಾಯಕ ಬೆಂಕಿ ಉಗುಳುವ ರೆಕ್ಕೆಯ ಹಾವು. ಆಟದ ಜೊತೆ ಬಂದ ಇಂಗ್ಲಿಷ್ ಪುಸ್ತಕದಿಂದ ಎತ್ತಿದ್ದು. ನಾನು ಹೋಗಿದ್ದ ಭಾನುವಾರ ಅದು ಒಂದಿಡೀ ಕೋಟೆ ಸುಟ್ಟಿತು. ನೇಯುವಾಕೆ ಆಕಳಿಸಿದಳು.

“ಮತ್ತ ಸುಟ್ಟಿತೇನ್ರಿ? ಹ್ವಾದ ವಾರಾನೂ ಸುಟ್ಟಿತ್ತಲ್ರಿ.”

ಫ್ಯಾನಿನವನು ದಾಳವನ್ನು ಡಬ್ಬಿಗೆ ಹಾಕುತ್ತಾ ಹೇಳಿದ: “ಅಕ್ಕಾರ, ಇನ್ನ ಮ್ಯಾಲ ಬರೂದು ಕಷ್ಟ ಐತ್ರಿ. ಸೂಟಿ ದಿನ ಊರಿಗೆ ಹೋಗಿ ಬರಬೇಕಂತ ಮಾಡೇನಿ.”

ಅವರೆಲ್ಲ ಹೋದ ಮೇಲೆ ಸಣ್ಣವಳು ಚುರುಮುರಿಯ ಬುಟ್ಟಿ ಮುಂದಿಟ್ಟುಕೊಂಡು ಒಂದು ಕಾಳೂ ಬಾಯಿಗೆ ಹಾಕದೆ ಕೂತಳು.

“ಆಂವ ಬಿಟ್ರ ಇಬ್ಬರ ಉಳೀತಾರ ಆಯಿ. ಇಬ್ಬರ ಮ್ಯಾಲ ಆಟ ನಡಿಯೂದಿಲ್ಲ, ಅವ್ರೂ ಬಿಡ್ತಾರ. ಈ ಊರಾಗ ಗುಳಿಗಿ ಕೇಳಾಕ ಬರೋರನ್ನ ಬಿಟ್ರ ನನ್ ಕೂಡ ಮಾತಾಡೋರು ಇವರ ಮೂರು ಮಂದಿ.”

“ನಿನ್ನ ಹಾವಿಗೆ ಹಲ್ಲಿಲ್ಲ ಬಿಡವಾ,” ಎಂದೆ. “ನಾ ಒಬ್ಬಾಕಿನ್ನ ಕರಕೊಂಡು ಬರ್ತೀನಿ, ತಡಿ.”

ನನ್ನ ಮನಸ್ಸಿನಲ್ಲಿದ್ದವಳು ದೊಡ್ಡವಳ ರಾಣಿ. ನರಗುಂದದ ಲೋಕ ಪೂರಾ ಒಣ ನೆಲ, ಊರಿಗೊಂದೇ ಬಾವಿ. ಅಲ್ಲಿ ಬೆಳಗ್ಗೆ ಕೊಡ ಹಿಡಿದು ಹೋದ ಹೆಂಗಸರಿಗೆ ಬಾವಿಯಿದ್ದ ಜಾಗದಲ್ಲಿ ಸಪಾಟು ನೆಲ ಕಾಣುತ್ತದೆ. ಕಟ್ಟೆಯಿಲ್ಲ, ರಾಟೆಯಿಲ್ಲ, ಕೆಸರೂ ಇಲ್ಲ. ದೂರದಲ್ಲಿ ರಾಣಿ ನಡೆದುಹೋಗುತ್ತಿರುತ್ತಾಳೆ, ಹೆಗಲ ಮೇಲೆ ಹಗ್ಗದ ಸುತ್ತು ಇನ್ನೊಂದು ಹೆಚ್ಚಾಗಿರುತ್ತದೆ. ಅದನ್ನು ಕೇಳಿದ ದಿನ ದೊಡ್ಡವಳ ಜೊತೆ ಆಡುವ ಟೀಚರುಗಳು ಚಹಾ ಆರಿ ತಣ್ಣಗಾದರೂ ಕುಡಿಯದೆ ಕೂತಿದ್ದರು.

ನರಗುಂದಕ್ಕೆ ಹೋಗಿ ನೇರವಾಗಿಯೇ ಕೇಳಿದೆ. ದೊಡ್ಡವಳು ಸೊಂಟಕ್ಕೆ ಕೈಯಿಟ್ಟಳು.

“ನನ್ನ ರಾಣಿನ್ನ? ಏ ಹೋಗ ಆಯಿ. ಆಕಿ ಲೋಕ ಬ್ಯಾರೆ, ನನ್ನ ಲೋಕ ಬ್ಯಾರೆ.”

“ಲೋಕ ಬ್ಯಾರೆ ಆದ್ರ ಏನಾತು, ಬಸ್ಸು ಒಂದ ಐತಿ.”

“ಅಲ್ಲಿ ಯಾರರ ನಕ್ರ?”

“ನಕ್ಕೋರ ಹಲ್ಲು ನಾ ಎಣಸ್ತೀನಿ.”

ಅವಳು ಒಪ್ಪಿದಳು, ಆದರೆ ಒಂದು ಕರಾರು ಹಾಕಿದಳು. ಪಕ್ಕದ ಮನೆಯಿಂದ ಹೆಪ್ಪು ತಂದ ಬಟ್ಟಲನ್ನು ಬರಿದು ಮಾಡಿ ಹಿಂದಕ್ಕೆ ಕೊಡಬಾರದು, ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎಂದು ಇಬ್ಬರಿಗೂ ಕಲಿಸಿದವಳು ನಾನೇ. ಈಗ ಅದನ್ನೇ ನನ್ನ ಕೊರಳಿಗೆ ಕಟ್ಟಿದಳು. “ಆಕಿ ವಾಪಸ್ ಬರುವಾಗ ಬರಿಗೈಲೆ ಬರಬಾರದು ನೋಡ ಮತ್ತ.”

ಬಸ್ಸಿನಲ್ಲಿ ಕೂತು ರಾಣಿಯನ್ನು ಟೈಪು ಮಾಡತೊಡಗಿದೆ. ಬಾಯಿಂದ ಹೇಳಿದರೆ ಫೋನೇ ಬರೆದುಕೊಳ್ಳುತ್ತದೆ ಎಂದು ಮಗ ಹೇಳಿಕೊಟ್ಟಿದ್ದ. ಆದರೆ ಬಸ್ಸಿನವರಿಗೆಲ್ಲ ಕಥೆ ಪುಕ್ಕಟೆ ಯಾಕೆ ಕೊಡಲಿ? ಒಂದೊಂದೇ ಅಕ್ಷರ ಒತ್ತಿದೆ. ಪಕ್ಕದ ಹೆಂಗಸು ಕತ್ತು ಚಾಚಿ ಓದಿ ಗಾಬರಿಯಾದಳು.

“ಬಾವಿ ಕಳುವಾತೇನ್ರಿ ಅಜ್ಜಿ? ಯಾವ ಊರಾಗ? ಪೊಲೀಸರಿಗೆ ಹೇಳೀರಿಲ್ಲೋ?”

ಆಗಲೇ ನನಗೆ ಕೋಡು ಮೂಡಿದವು. ಟೈಪು ಮಾಡಿದ್ದನ್ನು ಓದಿಯೇ ಹೀಗೆ ಹೆದರುವವರು, ಕೇಳಿದರೆ ಏನಾದಾರು!

ರೋಣದಲ್ಲಿ ಬರೆದು ಮುಗಿಸಿ ಕಳಿಸಿದೆ. ಭಾನುವಾರ ನಾನೂ ಗಜೇಂದ್ರಗಡಕ್ಕೆ ಹೋದೆ. ಸಣ್ಣವಳು ನಾನು ಬರೆದದ್ದನ್ನು ಒಂದು ಸಾಲೂ ಬಿಡದೆ ಹೇಳಿದಳು. ಹೊಳೆ ದಂಡೆಯ ಊರು, ಬೆಳಗಾಯಿತು, ಬಾವಿ ಮಾಯ. ಎಲ್ಲರೂ ಸುಮ್ಮನಿದ್ದರು. ಹೆದರಿದರು ಎಂದು ನಾನು ಸೆರಗು ಸರಿಮಾಡಿಕೊಂಡೆ.

“ಅಲ್ರೀ,” ಎಂದಳು ನೇಯುವಾಕೆ, “ಮುಂದ ಅಷ್ಟು ದೊಡ್ಡ ಹೊಳಿ ಹರಿಯಾಕತ್ತೇತಿ. ಬಾವಿ ಹೋದ್ರ ಹೋತು, ಕೊಡ ತಗೊಂಡು ಹೊಳಿಗೆ ಹೋಗ್ತೀವಿ.”

“ಪಾಪ, ರಾಣಿಗೆ ಬ್ಯಾರೆ ಕೆಲಸ ಸಿಕ್ಕಿಲ್ಲ,” ಎಂದ ಫ್ಯಾನಿನವನು. ಪೋಸ್ಟಿನಾಕೆ ಚುರುಮುರಿ ನೆತ್ತಿಗೇರುವಷ್ಟು ನಕ್ಕಳು. ಎಣಿಸಲು ಹೋದರೆ ನನ್ನ ಮುಂದೆ ಹಲ್ಲೋ ಹಲ್ಲು. ಹೋಗುವಾಗ ಅವನು ಚಪ್ಪಲಿ ಮೆಟ್ಟುತ್ತಾ, “ಮುಂದಿನ ವಾರ ಒಂದ ಬರ್ತೀನ್ರಿ ಅಕ್ಕಾರ, ಆಮ್ಯಾಲ ನನ್ನ ಹಿಡೀಬ್ಯಾಡ್ರಿ” ಎಂದ.

ಬಾಗಿಲು ಹಾಕಿ ಬಂದು ಸಣ್ಣವಳು ಪಾತ್ರೆ ತಿಕ್ಕಲು ಕೂತಳು. ತಿಕ್ಕಿದ್ದನ್ನೇ ಮತ್ತೆ ತಿಕ್ಕುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಯೋಚಿಸಿದೆ. ಹೊಳೆಯ ಊರಿನವರಿಗೆ ಯಾವುದರ ಹೆದರಿಕೆ? ನನ್ನ ತವರು ಹೊಳೆಮಣ್ಣೂರು, ಮಲಪ್ರಭೆಯ ದಂಡೆ. ನೀರು ಏರಿದಾಗ ಹುಡುಗರಾದ ನಮಗೆ ಹಬ್ಬ, ಸಾಲಿಗೆ ಸೂಟಿ. ಆದರೆ ಒಂದು ಸಲ ಹೊಳೆ ಏರಿ ಹರಗೋಲು ನಿಂತಿತ್ತು. ಆಚೆ ದಂಡೆಯ ಊರಿಗೆ ಕೊಟ್ಟಿದ್ದ ನಮ್ಮಕ್ಕ ಗಂಡನ ಮನೆಯಲ್ಲೇ ಹುಟ್ಟಿದ ಎರಡನೇ ಕೂಸನ್ನು ಅವ್ವನಿಗೆ ತೋರಿಸಲು ಹೊರಟುಬಂದು ಅಲ್ಲೇ ನಿಂತುಬಿಟ್ಟಳು. ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಏನೋ ಕೂಗುತ್ತಿದ್ದಳು, ನೀರಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಈಚೆ ನಮ್ಮವ್ವ, ಕೇಳಿಸಿದವಳ ಹಾಗೆ, ಹೌದು ಹೌದು ಎಂದು ತಲೆ ಆಡಿಸುತ್ತಿದ್ದಳು.

ಇದನ್ನು ಹೇಳಿದಾಗ ಸಣ್ಣವಳ ಕೈ ನಿಂತಿತು. ನಾನೇ ಕೇಳಿದೆ, “ಅಲ್ಲವಾ, ನರಗುಂದದ ರಾಣಿ ಕದ್ದದ್ದು ನೀರು ಅಷ್ಟ ಏನು? ಬಾವಿ ಕಟ್ಟಿ ಮ್ಯಾಲ ಏನು ನಡೀತಿತ್ತು?”

“ಹೆಣ್ಮಕ್ಕಳು ಕೂಡತಿದ್ರು. ಮಾತಾಡ್ತಿದ್ರು.” ಅವಳೇ ಮುಂದುವರಿಸಿದಳು: “ನಾಕು ಮಂದಿ ಕೂಡೂದು ಆಕಿಗೆ ಆಗಿಬರೂದಿಲ್ಲ.”

“ನೋಡ ಮತ್ತ. ನಾವು ಅಲ್ಲಿಂದ ಮಸರಿನ ಗಡಗೀನ ಹೊತ್ಕೊಂಡು ಬಂದ್ವಿ. ತರಬೇಕಾಗಿದ್ದು ಒಂದು ಚಮಚೆ ಹೆಪ್ಪು. ಹಾಲು ಈ ಊರಿಂದ ಆಗಬೇಕು.”

ಅಲ್ಲಿಗೆ ನನ್ನ ಕೆಲಸ ಮುಗಿಯಿತು, ಅವಳದು ಶುರುವಾಯಿತು. ವಾರವಿಡೀ ಅಂಗಡಿಯಿಂದ ಬಂದವಳೇ ಕೂತು ಕಟ್ಟಿದಳು. ಬಾವಿ ಬಿಟ್ಟಳು, ಕಿರೀಟ ಬಿಟ್ಟಳು, ಒಣ ನೆಲ ಬಿಟ್ಟಳು. ಹೆಗಲ ಮೇಲಿನ ಹಗ್ಗವೊಂದನ್ನು ಉಳಿಸಿಕೊಂಡಳು. ದಂಡೆಯಿಂದ ದಂಡೆಗೆ ಕಟ್ಟಿದ ಹರಗೋಲಿನ ಹಗ್ಗ ಅದೀಗ.

ಆ ಭಾನುವಾರದ ಆಟವನ್ನು ಹೇಳುವಾಗ ನನ್ನ ಬೆರಳು ಈಗಲೂ ತಪ್ಪು ಅಕ್ಷರ ಒತ್ತುತ್ತದೆ, ಅಷ್ಟು ಹಿಗ್ಗು. ಆಟದಲ್ಲಿ ಪೋಸ್ಟಿನಾಕೆ ವೈದ್ಯೆ, ಔಷಧದ ಬೇರು ತರಲು ಒಬ್ಬಳೇ ಆಚೆ ದಂಡೆಗೆ ದಾಟಿದ್ದಳು. ಈಚೆ ನೇಯುವಾಕೆ ಗಾಯವಾಗಿ ಮಲಗಿದ್ದಳು, ಸಿಪಾಯಿಯಾದ ಫ್ಯಾನಿನವನು ಕಾವಲಿದ್ದ. ಆಗ ರಾಣಿ ಬಂದಳು. ಕತ್ತಿಯಿಲ್ಲ, ಬೆಂಕಿಯಿಲ್ಲ. ದಂಡೆಯ ಮೇಲೆ ಕೂತು, ಮನೆಗೆಲಸ ಮಾಡುವವಳ ಹಾಗೆ ಹಗ್ಗ ಸುತ್ತಿಕೊಂಡಳು. ಸುತ್ತಿ ಮುಗಿಯುವ ಹೊತ್ತಿಗೆ ಹರಗೋಲಿಲ್ಲ, ಮೆಟ್ಟಿಲಿಲ್ಲ, ದಾಟುವ ಜಾಗವೇ ಇಲ್ಲ.

“ವೈದ್ಯಮ್ಮಾ, ಬ್ಯಾರೆ ಕಡಿಂದ ದಾಟಿ ಬರ್ರಿ!” ಎಂದು ಕೂಗಿದ ಫ್ಯಾನಿನವನು.

ಸಣ್ಣವಳು ಪೋಸ್ಟಿನಾಕೆಯ ಕಡೆ ತಿರುಗಿ ಮೆಲ್ಲಗೆ, “ನಿಮಗ ಕೇಳಸೂದಿಲ್ರಿ” ಎಂದಳು.

ಫ್ಯಾನಿನವನ ಮತ್ತು ಪೋಸ್ಟಿನಾಕೆಯ ನಡುವೆ ಇದ್ದದ್ದು ಚುರುಮುರಿಯ ಬುಟ್ಟಿ ಮಾತ್ರ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಅವನು ಕೂಗಿದ, ಕೈ ಬೀಸಿದ, ಎದ್ದು ನಿಂತು ದಾಳ ಉರುಳಿಸಿದ. ಸಣ್ಣ ಸಂಖ್ಯೆ ಬಿತ್ತು. ಪೋಸ್ಟಿನಾಕೆ ಬೇರಿನ ಗಂಟು ಎತ್ತಿ ತೋರಿಸುವ ಹಾಗೆ ಎರಡೂ ಕೈ ಮೇಲೆತ್ತಿದಳು. ಯಾರೂ ಅವಳಿಗೆ ಹಾಗೆ ಮಾಡು ಎಂದು ಹೇಳಿಕೊಟ್ಟಿರಲಿಲ್ಲ. ನಾನು ಸೆರಗಿನಿಂದ ಕನ್ನಡಕ ಒರೆಸಿಕೊಂಡೆ.

“ಇವತ್ತಿಗೆ ಇಷ್ಟ ಸಾಕ್ರಿ,” ಎಂದಳು ಸಣ್ಣವಳು.

“ಏ, ಇದೆಂಥಾ ಅನ್ಯಾಯರೀ!” ಎಂದು ಮೂವರೂ ಒಟ್ಟಿಗೆ ಎದ್ದರು. ನೇಯುವಾಕೆಯಂತೂ, “ನಾ ಇಲ್ಲಿ ವಾರಗಟ್ಲೆ ಗಾಯ ಇಟ್ಕೊಂಡು ಮಕ್ಕೊಳ್ಳೇನು?” ಎಂದು ಜಗಳಕ್ಕೇ ಬಂದಳು. ಫ್ಯಾನಿನವನು ಮಾತ್ರ ಬರುತ್ತೇನೆ, ಬರುವುದಿಲ್ಲ ಎಂದು ಏನೂ ಹೇಳದೆ ಹೋದ.

ದೊಡ್ಡವಳ ಕರಾರು ನಾನು ಮರೆತಿರಲಿಲ್ಲ. ರಾಣಿ ಗಜೇಂದ್ರಗಡದಲ್ಲಿ ಮಾಡಿದ್ದನ್ನೆಲ್ಲ ಟೈಪು ಮಾಡಿ ನರಗುಂದಕ್ಕೆ ಕಳಿಸಿದೆ. ಅವಳು ಅದನ್ನು ತನ್ನ ಒಣ ನೆಲಕ್ಕೆ ಹೊಂದಿಸಿಕೊಂಡಳು. ಈಗ ಅವಳ ಲೋಕದಲ್ಲಿ ಬಾವಿಗಳು ಹಿಂದಕ್ಕೆ ಬಂದಿವೆ, ಆದರೆ ಒಬ್ಬರೇ ಹೋದರೆ ಮಾತ್ರ ಕಾಣುತ್ತವೆ. ಇಬ್ಬರು ಜೊತೆಯಾಗಿ ಹೋದರೆ ಸಪಾಟು ನೆಲ. ಫೋನು ಮಾಡಿ ಹೇಳಿದಳು: “ಆಯಿ, ನಾ ಚಿಟಿಕಿ ಸಕ್ಕರಿ ಕೇಳಿದ್ರ ನೀವು ಬೆಲ್ಲದ ಪೆಂಟಿನ ಕಳಿಸೀರಲ್ಲ! ನಮ್ಮ ಟೀಚರು ಈಗ ನೀರ ಕುಡಿಯಾಕ ಒಬ್ಬರ ಹೋಗಾಕ ಅಂಜತಾರ.”

ಮುಂದಿನ ಭಾನುವಾರ ಸಣ್ಣವಳು ಬೆಳಗಿನಿಂದ ಬಾಗಿಲು ನೋಡುತ್ತಿದ್ದಳು. ಮಧ್ಯಾಹ್ನ ಎಲ್ಲರಿಗಿಂತ ಮೊದಲು ಬಂದವನು ಫ್ಯಾನಿನವನು. ಗುಡ್ಡದಿಂದ ನೇರವಾಗಿ ಬಂದಿದ್ದ, ಅಂಗಿಯ ತೋಳಿಗೆ ಗ್ರೀಸಿತ್ತು. ಸಣ್ಣವಳು ಚಹಾಕ್ಕಿಡುವ ನೆಪದಲ್ಲಿ ಒಳಗೆ ಓಡಿ, ಅಲ್ಲಿಂದಲೇ ನನ್ನ ಕಡೆ ನೋಡಿ ನಕ್ಕಳು. ನನಗೆ ತಡೆಯಲಾಗಲಿಲ್ಲ.

“ನೋಡಪಾ, ಊರಿಗೆ ಹೊಂಟಾವನ್ನ ನನ್ನ ರಾಣಿ ಹ್ಯಾಂಗ ಕಟ್ಟಿ ಹಾಕಿದ್ಲು!” ಎಂದೆ.

ಅವನು ಕುರ್ಚಿ ಎಳೆದುಕೊಂಡು ಕೂತು ಹೇಳಿದ: “ನಿಮ್ಮ ರಾಣಿಗೆ ಯಾರು ಅಂಜತಾರ್ರಿ ಆಯಿ? ಪೋಸ್ಟಿನ ಅಕ್ಕಾರು ಆಚಿ ದಂಡಿ ಮ್ಯಾಲ ಒಬ್ಬರ ನಿಂತಾರ. ಅವರನ್ನ ಅಲ್ಲೇ ಬಿಟ್ಟು ಊರಿಗೆ ಹೋಗಿ ರೊಟ್ಟಿ ತಿಂದ್ರ ಗಂಟಲಾಗ ಇಳೀತಾವೇನ್ರಿ? ಈಕಡೆ ಸರೀರಿ ಸ್ವಲ್ಪ, ದಾಳ ಉಳ್ಳಸಾಕ ಜಾಗಾ ಬಿಡ್ರಿ.”