ತಿರುಗಿ ಹೇಳದ ಎತ್ತರ

ಮಗಳಿಗೆ ಹಾಲೂಡಿಸುವಾಗಲೂ ನನಗೆ ಅದೇ ಚಿಂತೆ: ಇವರು ವಿಚಾರಣೆಯಲ್ಲಿ ಸುಳ್ಳು ಹೇಳಿಬಿಟ್ಟರೆ? ಮೋಟೆಬೆನ್ನೂರಿನ ಹೈವೇಯಲ್ಲಿ ಲಾರಿ ಗುಡುಗಿದರೂ ವಿಮಾನ ಬಿತ್ತೆಂದೇ ಎದೆ ಧಸಕ್ಕೆನ್ನುತ್ತಿತ್ತು.

ಇವರು, ಅಂದರೆ ನನ್ನ ಗಂಡ ಡಾಕಪ್ಪ, ದೂರದ ಶಹರದ ವಿಮಾನ ನಿಲ್ದಾಣದ ಟವರಿನಲ್ಲಿದ್ದರು. ಇಳಿಯುವ ವಿಮಾನ ಎಷ್ಟು ಎತ್ತರಕ್ಕೆ ಬರಬೇಕೆಂದು ರೇಡಿಯೊದಲ್ಲಿ ಹೇಳುವುದು ಇವರ ಕೆಲಸ. ಪೈಲಟ್ ಆ ಅಂಕಿಯನ್ನು ತಿರುಗಿ ಹೇಳಬೇಕು. ಹೇಳದಿದ್ದರೆ ಇವರು ಕೇಳಿ ಹೇಳಿಸಬೇಕು.

ಆದರೆ ಇವರು ಬೆಳೆದ ಮನೆ ಎಂಥದು! ಮಾವ ಶಂಕ್ರಪ್ಪನವರು ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚಕ್ಕಡಿ ಹೊಡೆಸುವಾಗ ಒಮ್ಮೆ ಹೇಳಿದರೆ ಮುಗಿಯಿತು. ಯಾವ ದಲಾಲಿ ಅಂಗಡಿಗೆ ಎಂದು ಮತ್ತೆ ಕೇಳಿದರೆ "ದೊಡ್ಡವರಿಗೆ ತಿರುಗಿ ಕೇಳತೀಯೇನಲೇ?" ಎಂದು ಕಪಾಳಕ್ಕೆ ಬೀಳುತ್ತಿತ್ತು. ಕೇಳದೆ ಬೇರೆ ಅಂಗಡಿಯಲ್ಲಿ ಚೀಲ ಇಳಿಸಿ ಬಂದ ಇವರನ್ನು ಮರ್ಯಾದಸ್ಥ ಎಂದು ಹೊಗಳಿದರಂತೆ. ಮರ್ಯಾದೆಯಂತೆ!

ಆ ಮಳೆಗಾಲ ಮೋಡದೊಳಗಿಂದ ಒಂದು ವಿಮಾನ ಇಳಿಯುತ್ತಿತ್ತು. ನಡೆಸುತ್ತಿದ್ದವನು ಬಹಳ ಹಿರಿಯ ಕ್ಯಾಪ್ಟನ್. ಇವರು ಎತ್ತರ ಹೇಳಿದರು. ಆತ ಗದರಿದಂತೆ "ಆಯ್ತು" ಎಂದನಷ್ಟೆ. ಇವರು ಮತ್ತೆ ಕೇಳಲಿಲ್ಲ. ಆತನ ತಲೆಯಲ್ಲಿದ್ದದ್ದು ಬೇರೆಯೇ ಎತ್ತರ. ಮೋಡ ಹರಿದರೆ ಮುಂದೆ ಗುಡ್ಡ! ವಿಮಾನದ ಮೂತಿ ಮೇಲೆತ್ತಿ ಹೇಗೋ ಪಾರಾದರು. ಒಳಗೆ ನನ್ನ ಮಗಳಂಥ ಕೂಸುಗಳೂ ಇದ್ದವು.

ರೇಡಿಯೊ ಮಾತು ಹಿಡಿದಿಡುವ ಟೇಪು ಅಂದು ಓಡಿರಲಿಲ್ಲ ಎಂದು ತಿಳಿದದ್ದೇ ತಡ, ಮೇಲಿನವರು ಇವರನ್ನು ಕರೆದು ಚಹಾ ಕುಡಿಸಿದರು. ವಿಚಾರಣೆಯಲ್ಲಿ ಕ್ಯಾಪ್ಟನ್ ಅಂಕಿ ತಿರುಗಿ ಹೇಳಿದರು ಅನ್ನು, ಗಾಳಿ ವಿಮಾನವನ್ನು ಕೆಳಕ್ಕೆ ಒತ್ತಿತು ಅನ್ನೋಣ, ಇಬ್ಬರ ನೌಕರಿಯೂ ಉಳಿಯುತ್ತದೆ ಎಂದರು. ಥೂ! ಊರಿಗೆ ಬಂದಾಗ ಇದನ್ನೆಲ್ಲ ನಮ್ಮೆದುರು ತಲೆ ತಗ್ಗಿಸಿ ಹೇಳಿ, ತಾವೇನು ಹೇಳುವರೆಂದು ತಿಳಿಸದೆಯೇ ಇವರು ಶಹರಕ್ಕೆ ತಿರುಗಿ ಹೋದರು.

ಅತ್ತೆ ಗದಿಗೆವ್ವ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಅಂದರು, "ದೊಡ್ಡವ್ರು ಹೇಳಿದಂಗ ಹೇಳಿ ಬಂದ್ರ ಯಾರ ಗಂಟ ಹೋಕ್ಕೈತಿ? ಯಾರೂ ಸತ್ತಿಲ್ಲಲ್ಲ."

"ಸಾಯೂತನಾ ಕಾಯಬೇಕೇನ್ರಿ ಅತ್ತಿ?"

"ಸಾಲಿ ಕಲತಾಕಿ ನೋಡವಾ! ನೌಕರಿ ಹೋದ್ರ ಕೂಸಿಗೆ ನಿನ್ನ ಇಂಗ್ಲೀಷ ತಿನಸ್ತೀಯೇನ?"

ಆ ಭಯ ನನಗೂ ಇತ್ತು. ಆದರೆ ಅದೇ ಕ್ಯಾಪ್ಟನ್ ಇನ್ನೂ ಹಾರಿಸುತ್ತಿದ್ದ. ಇನ್ನೂ ಯಾರೂ ಅವನನ್ನು ತಿರುಗಿ ಕೇಳುತ್ತಿರಲಿಲ್ಲ. ವಿಚಾರಣೆಯ ಹಿಂದಿನ ದಿನ ಕೂಸನ್ನು ಕಂಕುಳಿಗೇರಿಸಿ ಬ್ಯಾಡಗಿ ಬಸ್ಸು ಹತ್ತಿದೆ.

ಎಸ್‌ಟಿಡಿ ಬೂತಿನೊಳಗೂ ಮೆಣಸಿನ ಘಾಟು. ಕೂಸು ಸೀನಿತು. ಆ ಕಡೆ ಇವರ ದನಿ ಬಂತು.

"ನಾಳೆ ಖರೇ ಹೇಳ್ರಿ," ಅಂದೆ. "ಅವರು ಅಂಕಿ ತಿರುಗಿ ಹೇಳಲಿಲ್ಲ. ನೀವೂ ಕೇಳಲಿಲ್ಲ. ಎರಡೂ ಹೇಳ್ರಿ."

"ಹ್ಞೂಂ."

"ಬರೇ ಹ್ಞೂಂ ಬ್ಯಾಡ್ರಿ. ನಾ ಏನ ಹೇಳಿದೆ, ತಿರುಗಿ ಹೇಳ್ರಿ."

ಮೀಟರು ಓಡುತ್ತಿತ್ತು. ನಾನು ಫೋನು ಇಡಲಿಲ್ಲ.

"ಅವರು ತಿರುಗಿ ಹೇಳಲಿಲ್ಲ," ಎಂದರು ಕೊನೆಗೆ. "ನಾನೂ... ಕೇಳಲಿಲ್ಲ."