ಮಾವನಿಲ್ಲದವರಿಗೆ ಮುನ್ನೂರ ನಲವತ್ತನೆಯ ಸಾಲು

ಫಿನ್ಲೆಂಡಿನಲ್ಲಿ ಒಬ್ಬನ ಮದುವೆ ಮೂರು ತಿಂಗಳು ತಡವಾದದ್ದಕ್ಕೆ ನಾನು ಕಾರಣ. ಇದನ್ನು ಈವರೆಗೆ ಹೆಂಡತಿಗೂ ಹೇಳಿಲ್ಲ. ಎಲ್ಲಿ ನಂಬಿಬಿಡುತ್ತಾಳೋ ಎಂಬ ಹೆದರಿಕೆ. ಫಿನ್ಲೆಂಡನ್ನು ನಾನು ಭೂಪಟದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ಎಂಬತ್ತರ ದಶಕದ ನಡುವಿನಲ್ಲಿ ವಾಮಂಜೂರಿನ ಗದ್ದೆ ಬದಿಯ ಬಾಡಿಗೆ ಮನೆಯಿಂದ ಬಸ್ಸಿನಲ್ಲಿ ಹೋಗಿ ಕಾಲೇಜಿನಲ್ಲಿ ಲೆಕ್ಕ ಕಲಿಸುತ್ತಿದ್ದೆ, ಅಷ್ಟೆ. ಆದರೆ ಲೆಕ್ಕದ ಮೇಷ್ಟ್ರಿಗೆ ಬಿಡುವು ಸಿಕ್ಕರೆ ಯಾರಿಗಾದರೂ ತೊಂದರೆ ತಪ್ಪಿದ್ದಲ್ಲ.

ನಮ್ಮದು ಅಳಿಯಕಟ್ಟಿನ ಕುಟುಂಬ. ಮನೆತನ ಇಳಿದು ಬರುವುದು ತಾಯಿಯ ಕಡೆಯಿಂದ. ಅಪ್ಪ ಮನೆಯಲ್ಲಿ ಇರುತ್ತಾನೆ, ಮಾತು ನಡೆಯುವುದು ಮಾತ್ರ ಸೋದರಮಾವನದು. ಮದುವೆಯ ಕರೆಯೋಲೆ ಮೊದಲು ಅವನಿಗೆ ಹೋಗಬೇಕು. ಆಮೇಲೆ ಯಾರಿಗೆ, ಅದರ ಆಮೇಲೆ ಯಾರಿಗೆ ಎಂಬುದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಹತ್ತು ವರ್ಷ ಮಾತು ಬಿಡುವ ಜನ ನಾವು. ನನ್ನ ತಂಗಿಯ ಮದುವೆಯಲ್ಲಿ ಹೀಗೇ ಕ್ರಮ ತಪ್ಪಿ, ದೊಡ್ಡಮ್ಮ ಒಬ್ಬರು ಎಲೆಯ ಮುಂದೆ ಕೂತು ಉಪ್ಪನ್ನಷ್ಟೇ ಮುಟ್ಟಿ ಎದ್ದುಹೋದರು. ಇದು ಮನುಷ್ಯರಿಂದ ಆಗುವ ಕೆಲಸವಲ್ಲ, ಯಂತ್ರವೇ ಮಾಡಬೇಕು ಎಂದು ಆವತ್ತೇ ನಿಶ್ಚಯಿಸಿದೆ.

ಯಂತ್ರ ಇದ್ದದ್ದು ತೊಕ್ಕೊಟ್ಟಿನಲ್ಲಿ, ಶಾಲೆಯಲ್ಲಿ ನನ್ನ ಜೊತೆ ಓದಿದ ಹಮೀದನ ಫ್ಯಾನ್ಸಿ ಸ್ಟೋರಿನ ಹಿಂದಿನ ಕೋಣೆಯಲ್ಲಿ. ಅವನ ಅಣ್ಣ ಗಲ್ಫಿನಿಂದ ತಂದ ಕಂಪ್ಯೂಟರು. ಇಡೀ ಕಂಪ್ಯೂಟರು ಒಂದು ಕೀಬೋರ್ಡಿನಷ್ಟೇ. ಟಿವಿಗೆ ಸಿಕ್ಕಿಸಬೇಕು, ಬರೆದ ಪ್ರೋಗ್ರಾಮನ್ನು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ಹಿಡಿದಿಡಬೇಕು. ಬಳೆ, ರಿಬ್ಬನ್ನು, ಅತ್ತರಿನ ನಡುವೆ ಕೂತು ನಾಲ್ಕು ತಿಂಗಳು ಕುಟ್ಟಿ, ಕರೆಯೋಲೆಯ ಕ್ರಮ ಹೇಳುವ ಪ್ರೋಗ್ರಾಂ ಬರೆದೆ. ಮನೆತನದವರ ಹೆಸರುಗಳನ್ನೆಲ್ಲ ತುಂಬಿಸಿ ವರನ ಹೆಸರು ಕೊಟ್ಟರೆ ಅದು ಅವನ ತಾಯಿಯ ಅಣ್ಣತಮ್ಮಂದಿರನ್ನು ಹುಡುಕುತ್ತದೆ. ಇಲ್ಲದಿದ್ದರೆ ಅಜ್ಜಿಯ ಅಣ್ಣತಮ್ಮಂದಿರು, ಅಲ್ಲೂ ಇಲ್ಲದಿದ್ದರೆ ಮುತ್ತಜ್ಜಿಯ ಅಣ್ಣತಮ್ಮಂದಿರು, ಹೀಗೆ ಮಾವ ಸಿಗುವವರೆಗೂ ಹತ್ತುತ್ತಲೇ ಇರುತ್ತದೆ. ಸಿಗದೇ ಹೋದರೆ ಏನು ಮಾಡಬೇಕೆಂದು ನಾನು ಬರೆದಿರಲಿಲ್ಲ. ಮಾವನೇ ಇಲ್ಲದ ಮನುಷ್ಯ ಭೂಮಿಯ ಮೇಲೆ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಪಟ್ಟಿ ನೋಡಲು ಮೊದಲು ಬಂದವರು ಸುಂದರಣ್ಣ. ಕಾವೂರಿನ ಕೆರೆಯ ಹತ್ತಿರ ಸಣ್ಣ ಹೋಟೆಲು ಇಟ್ಟುಕೊಂಡಿದ್ದ ನಮ್ಮ ದೂರದ ಸಂಬಂಧಿ. ಮದುವೆಯಾದವರಲ್ಲ, ಅಕ್ಕತಂಗಿಯರೂ ಇಲ್ಲ. ನಮ್ಮಲ್ಲಿ ಅಕ್ಕತಂಗಿಯರಿಲ್ಲದ ಗಂಡಸು ಯಾರಿಗೂ ಮಾವನಲ್ಲ, ಮಾವನಲ್ಲದವನಿಗೆ ಮಂಟಪದ ಬಳಿ ಕೆಲಸವಿಲ್ಲ. ಪ್ರತಿ ಮದುವೆಯಲ್ಲೂ ಅವರು ಅಡುಗೆಯವರ ಹತ್ತಿರ ನಿಂತು ಪಾಯಸದ ಹದ ನೋಡುತ್ತಿದ್ದರು.

“ನನ್ನ ಹೆಸರು ಎಲ್ಲುಂಟು?” ಎಂದು ಕೇಳಿದರು.

ಕಟ್ಟಕಡೆಗಿತ್ತು. ತೋರಿಸಿದೆ.

“ಮೆಷಿನಿಗೂ ಗೊತ್ತಾಯ್ತಾ?” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆದರೆ ಲೆಕ್ಕ ಸರಿಯಾಗಿತ್ತು, ಏನು ಮಾಡುವುದು?

ಇಷ್ಟಕ್ಕೇ ಮುಗಿಯಬೇಕಿತ್ತು. ಮುಗಿಯಲು ಹಮೀದ್ ಬಿಡಲಿಲ್ಲ. ಪ್ರೋಗ್ರಾಮಿನಲ್ಲಿದ್ದ ಮಾತುಗಳನ್ನೆಲ್ಲ ಅಣ್ಣನಿಂದ ಇಂಗ್ಲಿಷ್ ಮಾಡಿಸಿ ಲಂಡನ್ನಿನ ಒಂದು ಕಂಪ್ಯೂಟರ್ ಪತ್ರಿಕೆಗೆ ಕಳಿಸಿಬಿಟ್ಟಿದ್ದ. ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ತಿದ್ದಿದ್ದನ್ನು ಮಾತ್ರ ತೊಕ್ಕೊಟ್ಟಿಗೆ ತಿಳಿಸಬೇಕು ಎಂದು ಕೆಳಗೆ ಒಕ್ಕಣೆ ಬೇರೆ. ನಾಲ್ಕು ತಿಂಗಳ ಬೆವರನ್ನು ಹೀಗೆ ಹಂಚುವುದಾ ಎಂದು ನಾನು ಸಿಡುಕಿದೆ.

“ಹೆಪ್ಪು ಕೇಳಿದರೆ ಇಲ್ಲ ಹೇಳ್ತಾರಾ ಮಾರಾಯ? ಕೊಟ್ಟರೆ ನಮ್ಮ ಮೊಸರು ಕಡಿಮೆ ಆಗ್ತದಾ?” ಎಂದ ಹಮೀದ್.

ಆ ಕಾಲದ ಕಂಪ್ಯೂಟರ್ ಹುಚ್ಚರು ಅಚ್ಚಾದ ಪ್ರೋಗ್ರಾಂ ಯಾವುದೇ ಇರಲಿ, ಕುಟ್ಟಿ ನೋಡದೆ ಬಿಡುವವರಲ್ಲ. ಮನೆಯಲ್ಲಿ ಮದುವೆ ಇಲ್ಲದವರೂ ಕುಟ್ಟಿದರು. ಬ್ರೆಜಿಲ್ಲಿನ ಒಬ್ಬನಿಗೆ ಮಾವಂದಿರು ಎಷ್ಟಿದ್ದರೆಂದರೆ ಅವನ ಯಂತ್ರದ ನೆನಪೇ ತುಂಬಿಹೋಯಿತು. ಜರ್ಮನಿಯ ಹೆಂಗಸೊಬ್ಬಳು ಅರ್ಧ ಗಂಟೆಯ ಹುಡುಕಾಟವನ್ನು ಎರಡು ನಿಮಿಷಕ್ಕೆ ಇಳಿಸಿ ಕಳಿಸಿದಳು. ಅದನ್ನು ಬ್ರೆಜಿಲ್ಲಿನವನಿಗೆ ದಾಟಿಸಿದೆವು. ನಮ್ಮ ಊರಿನಲ್ಲಿ ಮೂವರು ಸೇರಿದರೆ ಒಂದು ಸಂಘ, ಆ ಮೂವರಲ್ಲಿ ಇಬ್ಬರು ಅಧ್ಯಕ್ಷರು. ಇದು ಲೋಕದ ತುಂಬ ಹರಡಿದ ಸಂಘ. ಅಧ್ಯಕ್ಷರಿಲ್ಲ, ಹಾರವಿಲ್ಲ, ವಂದನಾರ್ಪಣೆಯಿಲ್ಲ. ಆದರೂ ನಡೆಯುತ್ತಿತ್ತು. ಅಂಚೆಯವನಿಗೆ ಮಾತ್ರ ಹಮೀದನ ಬಳೆ ವ್ಯಾಪಾರದ ಮೇಲೆ ದೊಡ್ಡ ಸಂಶಯ ಹುಟ್ಟಿತು.

ಆಮೇಲೆ ಫಿನ್ಲೆಂಡಿನ ಪತ್ರ ಬಂತು. ಅವನು ತನ್ನ ಹೆಸರು ಕೊಟ್ಟದ್ದು ಶನಿವಾರ ಬೆಳಿಗ್ಗೆ. ಭಾನುವಾರ ಮಧ್ಯಾಹ್ನವಾದರೂ ಯಂತ್ರ ಮಾವನನ್ನು ಹುಡುಕುತ್ತಲೇ ಇತ್ತಂತೆ. ಬಿಸಿಯಾದ ಯಂತ್ರದ ಮೇಲೆ ಬೆಕ್ಕು ಮಲಗಿತ್ತಂತೆ. “ನನಗೆ ಮಾವನಿಲ್ಲ. ನಾನು ಏನು ಮಾಡಬೇಕು?” ಎಂದು ಕೇಳಿದ್ದ. ಪ್ರೋಗ್ರಾಮಿನ ತಪ್ಪು ತೋರಿಸಿದ ಪತ್ರ ಅದು, ಆದರೆ ಓದಿ ನನಗೆ ನಿಜಕ್ಕೂ ಸಂಕಟವಾಯಿತು. ಪಾಪ, ಯಾರಿಗೆ ಹೇಳಿ ಮದುವೆಯಾಗುತ್ತಾನೆ?

ಮಾವನಿಲ್ಲದವನೊಬ್ಬ ಅಲ್ಲಿ, ಅಳಿಯನಿಲ್ಲದವರೊಬ್ಬರು ಇಲ್ಲಿ. ಹಮೀದ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಮುನ್ನೂರ ನಲವತ್ತನೆಯ ಸಾಲಿನಲ್ಲಿ ಬರೆದೆ: ಮಾವ ಸಿಗದಿದ್ದರೆ ಮಾವ ಎಂದರೆ ಸುಂದರಣ್ಣ, ಕಾವೂರು, ಮಂಗಳೂರು. ವಿಳಾಸವಿಲ್ಲದ ಮಾವ ಎಂಥ ಮಾವ ಎಂದು ಹಮೀದನೇ ಪೂರ್ತಿ ವಿಳಾಸ ಹಾಕಿಸಿದ. ತಮಾಷೆಗೆ ಮಾಡಿದ್ದು. ಸುಂದರಣ್ಣನನ್ನು ಕೇಳಲೂ ಇಲ್ಲ. ಪತ್ರಿಕೆಯವರು ಅದನ್ನೂ ಅಚ್ಚು ಹಾಕಿದರು.

ಫಿನ್ಲೆಂಡಿನವನು ಸುಂದರಣ್ಣನಿಗೆ ನೇರವಾಗಿ ಬರೆದ: ಪೂಜ್ಯ ಮಾವನವರೇ, ಮೊದಲು ನಿಮಗೆ ತಿಳಿಸಬೇಕೆಂದು ಯಂತ್ರ ಹೇಳಿದೆ, ನಿಮ್ಮ ಒಪ್ಪಿಗೆ ಇದೆಯೇ? ಓದಿ ಹೇಳಿದವನು ನಾನೇ. ಸುಂದರಣ್ಣ ಭುಜದ ಮೇಲಿನ ಬೈರಾಸು ತೆಗೆದು ಕೈ ಒರೆಸಿಕೊಂಡು, ಹುಡುಗಿಯ ಬರಿ ಯಾವುದು ಕೇಳು ಎಂದರು. ಬರಿ ಎಂದರೆ ತಾಯಿಯ ಕಡೆಯ ಗೋತ್ರ. ಹುಡುಗ ಹುಡುಗಿ ಇಬ್ಬರದೂ ಒಂದೇ ಆದರೆ ಮದುವೆ ಕೂಡದು. ಪ್ರಶ್ನೆ ಫಿನ್ಲೆಂಡಿಗೆ ಹೋಯಿತು. ಅವನು ಹುಡುಗಿಯ ಅಜ್ಜಿಯನ್ನು ವಿಚಾರಿಸಿ, ಅವರದು ಕೆರೆಯ ಬದಿಯ ಮನೆತನ ಎಂದು ಬರೆಯುವಷ್ಟರಲ್ಲಿ ಮೂರು ತಿಂಗಳು. “ಕೆರೆ ಉಂಟಲ್ಲ, ಸಾಕು” ಎಂದು ಸುಂದರಣ್ಣ ಒಪ್ಪಿಗೆ ಕೊಟ್ಟರು. ಆ ವರ್ಷದೊಳಗೆ ಅವರಿಗೆ ನಾಲ್ಕು ದೇಶಗಳಲ್ಲಿ ಅಳಿಯಂದಿರಾದರು. ಹೋಟೆಲಿನ ಗೋಡೆಯಲ್ಲಿ ದೇವರ ಪಟದ ಪಕ್ಕ ಬಿಳಿ ಬಿಳಿ ಮದುಮಕ್ಕಳ ಫೋಟೋಗಳು ಏರಿದವು. ಮದುವೆಗಳಲ್ಲಿ ಪಾಯಸದ ಹತ್ತಿರ ನಿಲ್ಲುವುದನ್ನು ಅವರು ಬಿಟ್ಟರು. ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಏಳಿ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಆಗ ಇಂಗ್ಲೆಂಡಿನಿಂದ ಅಚ್ಚುಕಟ್ಟಾದ ಹಸಿರು ಅಕ್ಷರದಲ್ಲಿ ಒಂದು ತಿದ್ದುಪಡಿ ಬಂತು. ಮುನ್ನೂರ ನಲವತ್ತನೆಯ ಸಾಲು ಅಸಂಬದ್ಧ, ಮಾವ ಸಿಗದಿದ್ದರೆ ಪ್ರೋಗ್ರಾಂ ನಿಲ್ಲಬೇಕು, ಅದಕ್ಕೆ ಒಂದೇ ಪದ ಸಾಕು. ನೋಡಿ ಮಾರಾಯ್ರೆ, ಅವನು ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ವಿದ್ಯಾರ್ಥಿ ಆ ಸಾಲು ಬರೆದಿದ್ದರೆ ನಾನೇ ಸೊನ್ನೆ ಹಾಕುತ್ತಿದ್ದೆ. ತಿದ್ದಿದ್ದನ್ನು ತಿಳಿಸಿ ಎಂದು ಲೋಕಕ್ಕೆಲ್ಲ ಸಾರಿದವರು ನಾವು, ಸರಿಯಾದದ್ದನ್ನು ಬೇಡ ಎನ್ನುವುದು ಹೇಗೆ? ಬೇಕು ಎಂದರೆ ಸುಂದರಣ್ಣ ಮತ್ತೆ ಪಾಯಸದ ಹತ್ತಿರ. ಒಂದು ವಾರ ಆ ಪತ್ರವನ್ನು ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದೆ. ಕೊನೆಗೆ ಕಾವೂರಿಗೆ ಹೋಗಿ, ಆ ಸಾಲು ನಾನು ತಮಾಷೆಗೆ ಹಾಕಿದ್ದು ಎಂಬುದರಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡೆ.

ಸುಂದರಣ್ಣ ಚಾ ಮುಂದಿಟ್ಟರು. “ಮೊದಲ ಪತ್ರದಲ್ಲೇ ಗೊತ್ತಾಗಿತ್ತು ಮಾರಾಯ. ಸ್ವಂತ ಅಳಿಯಂದಿರು ಅಷ್ಟು ಮರ್ಯಾದೆಯಲ್ಲಿ ಎಲ್ಲಿ ಬರೀತಾರೆ?” ಸಕ್ಕರೆಯ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. “ಆ ಇಂಗ್ಲೆಂಡಿನವನಿಗೆ ಮಾವ ಉಂಟಾ?”

ನನಗೆ ಗೊತ್ತಿರಲಿಲ್ಲ.

“ಅದನ್ನು ಕೇಳಿ ಬರೆ. ಉಂಟು ಹೇಳಿದರೆ ಸಾಲು ತೆಗಿ.”

ಬರೆದೆ. ಎರಡು ತಿಂಗಳಾದರೂ ನನಗೆ ಉತ್ತರವಿಲ್ಲ. ಸಿಟ್ಟಾಗಿರಬೇಕು, ಸಂಘದ ಒಬ್ಬ ಬುದ್ಧಿವಂತನನ್ನು ಕಳೆದುಕೊಂಡೆವು ಎಂದು ಹಮೀದನ ಹತ್ತಿರ ಪೇಚಾಡಿದೆ. ಒಂದು ಭಾನುವಾರ ಸುಂದರಣ್ಣ ಎರಡು ಬಸ್ಸು ಬದಲಾಯಿಸಿ ತೊಕ್ಕೊಟ್ಟಿಗೆ ಬಂದರು. ಬಳೆಗಳ ಗಾಜಿನ ಮೇಲೆ ಒಂದು ಲಕೋಟೆ ಇಟ್ಟರು. ಮೇಲೆ ಅವರ ಹೆಸರು, ಅದೇ ಅಚ್ಚುಕಟ್ಟಾದ ಹಸಿರು ಅಕ್ಷರ.

“ಓದು” ಎಂದರು. “ಹುಡುಗಿಯ ಬರಿ ಬರೆದಿದ್ದಾನಾ ನೋಡು.”